ಮೇಜಿನಡಿಯ ಅತ್ತೆಯೂ ನಾಗರಿಕ ರಕ್ಷಣಾಧಿಕಾರಿಗಳೂ

ಮಾನ್ಯ ನಾಗರಿಕ ರಕ್ಷಣಾಧಿಕಾರಿಗಳೇ,

ತಮ್ಮದೇ ಮಾತನ್ನು ನಾನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ತಪ್ಪಿಗೆ ನನ್ನ ಅತ್ತೆಯವರನ್ನು ಠಾಣೆಯಲ್ಲಿ ಕೂರಿಸಿದಿರಿ, ನನ್ನ ಅಂಗಡಿಯ ಸ್ಕ್ರೀನ್ ಪ್ರಿಂಟಿಂಗ್ ಫ್ರೇಮುಗಳನ್ನು ಹೊತ್ತೊಯ್ದಿರಿ. ಬರೆದವರಿಗೆ ಇಷ್ಟೊಂದು ಸಂಕೋಚ ಒಳ್ಳೆಯದಲ್ಲ.

ಸರ್ಕಾರ ಊರಂಚಿನ ಗುಡ್ಡದಲ್ಲಿ ಅಣುಬಾಂಬುಗಳನ್ನು ತಂದಿಟ್ಟ ಮೇಲೆ ತಮ್ಮ ಕಚೇರಿ ಮನೆಮನೆಗೂ ಮೊಹರೊತ್ತಿದ ಕರಪತ್ರ ಹಂಚಿತು: ‘ಸೈರನ್ ಕೇಳಿದೊಡನೆ ಗಟ್ಟಿ ಮೇಜಿನಡಿ ಕುಳಿತು, ಶಾಂತಚಿತ್ತರಾಗಿ ಮುಂದಿನ ಆದೇಶಕ್ಕೆ ಕಾಯಿರಿ.’ ಕಾಯಲು ನಾವು ಉಳಿದಿರುತ್ತೇವೆಯೇ, ಆದೇಶ ಕೊಡಲು ತಾವು ಉಳಿದಿರುತ್ತೀರಾ ಎಂಬಂಥ ಕ್ಷುಲ್ಲಕ ಸಂಗತಿಗಳಿಗೆ ಅದರಲ್ಲಿ ಜಾಗವಿರಲಿಲ್ಲ. ಅತ್ತೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಸರ್ಕಾರ ಹೇಳಿದ್ದನ್ನು ಮಾಡಿ ನೋಡದೆ ಬಿಡುವವರಲ್ಲ. ಊಟದ ಮೇಜಿನಡಿ ನುಸುಳಿದರು. ನುಸುಳಿದ್ದೇನೋ ಸರಿ, ಮಂಡಿ ಹಿಡಿದುಕೊಂಡಿತು. ನನ್ನ ಗಂಡನೂ ಪಕ್ಕದ ಮನೆಯ ಬಡಗಿಯೂ ಸೇರಿ ಮೇಜನ್ನೇ ಎತ್ತಿ ಬದಿಗಿಡುವ ತನಕ ಅವರು ಅಲ್ಲೇ ಕುಳಿತು, ಶಾಂತಚಿತ್ತರಾಗಿಯೇ, ತಮ್ಮ ಇಲಾಖೆಗೆ ಮಂಗಳಾರತಿ ಎತ್ತುತ್ತಿದ್ದರು. ಇದನ್ನು ಬರೆದವರಿಗೆ ಮಂಡಿ ಅನ್ನುವುದೇ ಇಲ್ಲವೇ ಎಂದು ನನ್ನನ್ನು ಕೇಳಿದರು. ಹೊರಬಂದು, ಕಾಲು ನೀವಿಕೊಳ್ಳುತ್ತಾ, ದನಿ ತಗ್ಗಿಸಿ ಅಂದರು:

“ಬಾಂಬು ಬಿದ್ಮೇಲೆ ಮೇಜು ಎತ್ತೋಕೆ ಯಾರು ಬರ್ತಾರೆ?”

ಆ ಮಾತಿಗೆ ಮನೆಯಲ್ಲಿ ಯಾರೂ ನಗಲಿಲ್ಲ.

ಮರುದಿನ ಮೇಜಿನಡಿ ಕುಳಿತ ಅತ್ತೆಯ ಚಿತ್ರ ಬರೆದೆ. ಕೆಳಗೆ ತಮ್ಮ ವಾಕ್ಯವನ್ನು ಒಂದಕ್ಷರ ಬದಲಿಸದೆ ಅಚ್ಚು ಹಾಕಿದೆ. ಬಾಂಬು ಬೇಡವೆನ್ನುವ ನಮ್ಮೂರ ಶಾಂತಿ ಸಂಘದವರು ಆ ಪೋಸ್ಟರುಗಳನ್ನು ಬಸ್ ನಿಲ್ದಾಣದಿಂದ ಹಿಡಿದು ತಮ್ಮ ಕಚೇರಿಯ ಕಾಂಪೌಂಡಿನ ತನಕ ಅಂಟಿಸಿದರು. ಜನ ನಿಂತು ನೋಡಿ ನಕ್ಕರು. ನಕ್ಕ ಮೇಲೆ ತಲೆಯೆತ್ತಿ ಗುಡ್ಡವನ್ನು ನೋಡಿದರು. ತಮ್ಮನ್ನು ಕೆರಳಿಸಿದ್ದು ಆ ಎರಡನೆಯ ನೋಟವೇ ಇರಬೇಕು.

ಪೊಲೀಸರು ಚಿತ್ರದ ಮುಖದ ಗುರುತು ಹಿಡಿದು ಅತ್ತೆಯನ್ನು ಕರೆದೊಯ್ದರು. ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುವ ಈ ಬರಹ ಯಾರದೆಂದು ಠಾಣಾಧಿಕಾರಿ ಗದರಿಸಿ ಕೇಳಿದರಂತೆ.

“ನಿಮ್ಮ ಸಾಹೇಬರದ್ದೇ ಕಣಪ್ಪಾ. ನಾನು ಬರೀ ಕೆಳಗೆ ಕೂತಿದ್ದೆ,” ಅಂದರಂತೆ ಅತ್ತೆ.

ಸಂಜೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಪೋಸ್ಟರುಗಳನ್ನು ತಾವು ಕೆರೆಸಿ ತೆಗೆಸಿದಿರಿ. ಆಮೇಲಾದದ್ದು ತಮಗೆ ಗೊತ್ತೇ ಇದೆ: ಜನ ಮನೆಯಲ್ಲಿ ಬಿದ್ದಿದ್ದ ತಮ್ಮ ಕರಪತ್ರಗಳನ್ನೇ ತಂದು ಅದೇ ಗೋಡೆಗಳಿಗೆ ಮೆತ್ತಿದರು. ಈಗ ತಮ್ಮ ಸಿಬ್ಬಂದಿ ಏಣಿ ಹಾಕಿಕೊಂಡು ತಮ್ಮ ಮೊಹರನ್ನೇ ಕೆರೆಯುತ್ತಿದ್ದಾರೆ. ಇವರ ಮೇಲೆ ಯಾವ ಕಲಮಿನಡಿ ಕೇಸು ಹಾಕುತ್ತೀರಿ?

ಫ್ರೇಮುಗಳಿಲ್ಲದೆ ನನ್ನ ಅಂಗಡಿ ಬಾಗಿಲು ಹಾಕಿದೆ. ಅವನ್ನು ಹಿಂದಿರುಗಿಸಿ. ಗುಡ್ಡದಲ್ಲಿರುವುದನ್ನು ತೆಗೆಯಿರಿ. ಎರಡರಲ್ಲಿ ಊರು ಸುಡುವಂಥದ್ದು ಯಾವುದೆಂದು ಅನುಮಾನವಿದ್ದರೆ, ಮೊದಲು ಗುಡ್ಡದ್ದನ್ನೇ ತೆಗೆಯಿರಿ, ನಾನು ಕಾಯುತ್ತೇನೆ.

ಇಂತಿ,
ಭೀತಿ ಹಬ್ಬಿಸುವುದರಲ್ಲಿ ತಮಗಿಂತ ಬಹಳ ಕಿರಿಯಳಾದ
ಒಬ್ಬ ಅಚ್ಚುಗಾರ್ತಿ