ಕೇಳಿದವರ ಪಟ್ಟಿಯಲ್ಲಿ ಈರಮ್ಮ

೨೧೭೧ನೇ ಇಸವಿ, ಫೆಬ್ರವರಿ ಮೂವತ್ತು, ಬುಧವಾರ

ನಗರದ ಕಡತಗಳೆಲ್ಲ ಜನರ ಕೈಗೆ ಸಿಗಬೇಕೆಂದು ನನಗಿಂತ ನೂರೈವತ್ತು ವರ್ಷ ಹಿಂದೆ ಹಟ ಹಿಡಿದಿರುವ ಹಿರಿಯರಿಗೆ, ಸಿರಿಗಟ್ಟದ ಹದಿನಾಲ್ಕನೇ ವಾರ್ಡಿನ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ವರ್ಷದ ಕೊನೆಗೆ ರಜೆ. ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ. ತಿದ್ದಿ ಬರೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ನೀವು ಗೆದ್ದಿರಿ, ಅದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಮುಚ್ಚಿಟ್ಟ ಕಡತವೇ ಇಲ್ಲ. ಯಾವ ಚರಂಡಿಯನ್ನು ಎಂದು ಬಳಿದರು, ಯಾವ ತೊಟ್ಟಿಯ ನೀರಿನಲ್ಲಿ ಏನಿದೆ, ಯಾವ ಬೀದಿಯ ನೆರಳುಪಟ, ಅಂದರೆ ಬೇಸಿಗೆಯಲ್ಲಿ ರಸ್ತೆಯ ಮೇಲೆ ಅಡ್ಡಲಾಗಿ ಕಟ್ಟುವ ಬಟ್ಟೆ, ಹರಿದಿದೆ, ಎಲ್ಲವೂ ಯಾರಿಗೆ ಬೇಕಾದರೂ ಸಿಗುತ್ತದೆ. ಎಷ್ಟು ಸಿಗುತ್ತದೆಂದರೆ ಯಾರೂ ನೋಡುವುದಿಲ್ಲ. ಅದಕ್ಕೇ ನಮ್ಮಜ್ಜನ ಕಾಲದಲ್ಲಿ ವಾರ್ಡಿಗೊಂದು ಓದುಕಟ್ಟೆ ಬಂತು. ಗುರುವಾರ ಬೆಳಿಗ್ಗೆ ಏಳಕ್ಕೆ ಬೇವಿನ ಮರದ ಕೆಳಗೆ ಕೂತು ಆ ವಾರದ ಕಡತವನ್ನು ಗಟ್ಟಿಯಾಗಿ ಓದುವುದು, ಕೇಳಿದವರ ಹೆಸರು ಬರೆದುಕೊಳ್ಳುವುದು ಓದುಗಿತ್ತಿಯ ಕೆಲಸ. ಇಪ್ಪತ್ತಾರು ವರ್ಷದಿಂದ ನಾನೇ ಓದುಗಿತ್ತಿ. ಇಪ್ಪತ್ತು ಹೆಸರಿಗಿಂತ ಕಡಿಮೆಯಾದರೆ ಕಟ್ಟೆ ಮುಚ್ಚುತ್ತಾರೆ.

ಮೊದಮೊದಲು ಜನ ಚಾಪೆ ತಂದು ಕೂರುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಕಳಚಿಕೊಂಡರು. ಪಕ್ಕದ ಮನೆಯ ಈರಮ್ಮ ಮಾತ್ರ ಹಾಲಿಗೆ ಹೋಗುವಾಗ ಒಂದು ಗಳಿಗೆ ನಿಂತು, "ನೀ ಓದಿ ಬಾ ಯಕ್ಕ, ಏನರ ಇದ್ರ ಆಮ್ಯಾಲ ಹೇಳೀಯಂತ" ಎನ್ನುತ್ತಿದ್ದಳು. ಕಟ್ಟೆ ಉಳಿಯಲೆಂದು ನೆನಪಿಗೆ ಬಂದ ಹೆಸರುಗಳನ್ನು ನಾನೇ ಬರೆಯತೊಡಗಿದೆ. ಎಲ್ಲ ವಾರ್ಡಿನ ಓದುಗಿತ್ತಿಯರೂ ಅದನ್ನೇ ಮಾಡುತ್ತಾರೆ. ತಪ್ಪೆಂದು ನಮಗ್ಯಾರಿಗೂ ಅನಿಸಿರಲಿಲ್ಲ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಯಾವಾಗಲೂ ಈರಮ್ಮನದು.

ಹೋದ ಆಷಾಢದಲ್ಲಿ, ಮೂರನೇ ಅಡ್ಡರಸ್ತೆಯ ತೊಟ್ಟಿಯ ನೀರು ಕುಡಿಯಲು ಯೋಗ್ಯವಲ್ಲ ಎಂಬ ಸಾಲು ಕಡತದಲ್ಲಿತ್ತು. ಅದು ನಮ್ಮದೇ ಬೀದಿ. ಖಾಲಿ ಕಟ್ಟೆಯಲ್ಲಿ ಕೂತು ಆ ಸಾಲನ್ನು ನಾನೇ ಓದಿದೆ. ಬಾಯಿ ಓದಿತು, ಕಿವಿಗೆ ಬೀಳಲಿಲ್ಲ. ಇಪ್ಪತ್ತೆರಡು ಹೆಸರು ಬರೆದು ಮನೆಗೆ ಹೋಗಿ ಅದೇ ನೀರಿನಲ್ಲಿ ಚಹಾ ಕಾಸಿದೆ. ಕಾಸಿ ಕುಡಿದ ನಾನು ಉಳಿದೆ. ಈರಮ್ಮ ವಾಂತಿಭೇದಿಯಾಗಿ ಐದನೇ ದಿನ ಹೋದಳು.

ಅವಳ ಗಂಡ ಶರಣಪ್ಪ ನಗರದ ಕಚೇರಿಗೆ ಹೋಗಿ, ನಮಗ್ಯಾಕೆ ಹೇಳಲಿಲ್ಲ ಎಂದು ಕೇಳಿದ. ಅವರು ಗದರಲಿಲ್ಲ, ಏನನ್ನೂ ಮುಚ್ಚಿಡಲೂ ಇಲ್ಲ. ಪಟ್ಟಿ ತೆಗೆದು ತೋರಿಸಿದರು. ಅವನು ವಾಪಸು ಬಂದು ನನ್ನ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತ. "ಆಕಿ ಕೇಳ್ಯಾಳಂತಲ್ಲ ಯಕ್ಕ, ಹೆಸರೈತಿ. ಮತ್ಯಾಕ ಕುಡುದ್ಲು?" ಅಂದಿನಿಂದ ಪ್ರತಿ ಗುರುವಾರ ಅವನೊಬ್ಬ ಬಂದು ಕಟ್ಟೆಯಲ್ಲಿ ಕೂರುತ್ತಾನೆ. ಹೆಂಡತಿ ಕೇಳುತ್ತಿದ್ದುದನ್ನು ತಾನೂ ಕೇಳಬೇಕಂತೆ.

ಹಿರಿಯರೇ, ಕಡತಗಳನ್ನು ತೆರೆಯಿರಿ, ಬೇಡವೆನ್ನಲಾರೆ. ಆದರೆ ಇಷ್ಟು ಸಾವಿರ ಜನ ನೋಡಿದರು ಎಂಬ ಸಂಖ್ಯೆ ಬಂದಾಗ ಹಿಗ್ಗಬೇಡಿ. ಅದನ್ನು ಬರೆಯುವವರಲ್ಲಿ ನನ್ನಂತೆ ದಣಿದವರೂ ಇರುತ್ತಾರೆ. ಎದ್ದು ಹೋಗಿ ಒಂದು ಮನೆಯ ಬಾಗಿಲು ತಟ್ಟಿ, ನಿಮ್ಮ ನೀರು ಕೆಟ್ಟಿದೆ ಎಂದು ಹೇಳಿ ಬನ್ನಿ. ನನ್ನ ಮನೆಯಿಂದ ಈರಮ್ಮನ ಬಾಗಿಲಿಗೆ ಹನ್ನೊಂದೇ ಹೆಜ್ಜೆ.

ನಾಳೆ ಗುರುವಾರ. ಕಡತಕ್ಕಿಂತ ಮುಂಚೆ ನನ್ನ ಸುಳ್ಳನ್ನು ಗಟ್ಟಿಯಾಗಿ ಓದುತ್ತೇನೆ. ಕಟ್ಟೆ ಹೋದರೆ ಹೋಗಲಿ. ಓದಿ ಮುಗಿಸಿ ಪಟ್ಟಿಯನ್ನು ಶರಣಪ್ಪನ ಮುಂದಿಡುತ್ತೇನೆ. ಕೇಳಿದೆ ಎಂದು ಅವನೇ ಬರೆಯಲಿ, ಬರೆಯಲು ಮನಸ್ಸಾದರೆ.

ಹುಲಿಗೆಮ್ಮ