ಅರ್ಜಿಯಲ್ಲಿನ ಒಂದು ಸಾಲು

ಟೂಂಗಾಬಿ, ಸಿಡ್ನಿ
ಮಂಗಳವಾರ

ಮಗಳೇ ಮಹಾಶ್ವೇತಾ,

ಮೆಲ್ಬರ್ನಿನ ಕ್ಯಾಥೊಲಿಕ್ ಯುನಿವರ್ಸಿಟಿಯಲ್ಲಿ ನರ್ಸಿಂಗ್ ಕಲಿಸುವ ಕೆಲಸಕ್ಕೆ ನೀನು ಬರೆದ ಅರ್ಜಿಯನ್ನು ನಿನ್ನ ಅಣ್ಣ ವಿಜಯ ಓದಿ ಹೇಳಿದ. ‘ನಮ್ಮ ಸಂಸ್ಥೆಯ ಧ್ಯೇಯಕ್ಕೆ ನೀವು ಹೇಗೆ ಹೊಂದುತ್ತೀರಿ?’ ಎಂಬ ಪ್ರಶ್ನೆಗೆ, ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತೇನೆಂದು ಬರೆದಿದ್ದೀಯಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಇದೆಂಥ ಮಾತವ್ವಾ?

ಊರಿನ ಕ್ರೈಸ್ತ ಸಿಸ್ಟರುಗಳ ಆಸ್ಪತ್ರೆಗೆ ನಾನು ಆಯಾ ಕೆಲಸ ಕೇಳಿ ಹೋದಾಗ, ದೊಡ್ಡ ಸಿಸ್ಟರು ನನ್ನ ಹಣೆಯ ವಿಭೂತಿ ನೋಡಿಯೂ ದೇವರ ಸುದ್ದಿ ತೆಗೆಯಲಿಲ್ಲ.

“ರೋಗಿ ಬೈದರ ಏನ್ ಮಾಡ್ತಿ?” ಅಂದರು.

“ನಾನೂ ಬೈತೀನ್ರೀ. ಆದರ ಮೊದಲ ಗಂಜಿ ಕುಡಿಸಿ,” ಅಂದೆ.

ನಕ್ಕುಬಿಟ್ಟರು. “ನಾಳಿಂದ ಬಾ” ಅಂದರು.

ಬಾಕ್ಸ್ ಹಿಲ್ ಆಸ್ಪತ್ರೆಯಲ್ಲಿ ಆ ಚೀನೀ ಅಜ್ಜನ ಮಗಳು ಬರುವ ತನಕ, ಡ್ಯೂಟಿ ಮುಗಿದರೂ ಅವನ ಕೈ ಹಿಡಿದು ಕೂತಿದ್ದೆಯಲ್ಲ, ಅದನ್ನು ಬರೆ. ಕಲಿಯಲು ಬರುವವರಿಗೆ ಆ ತಾಳ್ಮೆ ಹೇಗೆ ಕಲಿಸುತ್ತೀ ಎಂದೂ ಬರೆ. ಈ ಕಾಗದದ ಫೋಟೊ ತೆಗೆದು ವಿಜಯ ಇವತ್ತೇ ಕಳಿಸುತ್ತಾನೆ. ಶುಕ್ರವಾರ ಕೊನೇ ದಿನವಂತೆ, ಅಷ್ಟರೊಳಗೆ ತಿದ್ದು.

ಈ ದೇಶದಲ್ಲಿ ಕಾಯಂ ಉಳಿಯುವ ನಿನ್ನ ಪಿಆರ್‌ಗೆ ಈ ಕೆಲಸ ಎಷ್ಟು ಬೇಕೆಂದು ನನಗೆ ಗೊತ್ತು. ಆದರೆ ಆಯ್ಕೆಯಾದರೆ ಅರ್ಜಿಯಲ್ಲಿ ನೀನು ಬರೆದ ಆ ಚರ್ಚಿಗೆ ಹೋಗುವ ಹೆಂಗಸು ಕೆಲಸಕ್ಕೆ ಬರುವುದಿಲ್ಲ ಮಗಳೇ. ದಿನಾ ನೀನೇ ಹೋಗಬೇಕು.

ನಿನ್ನ ಒಳಿತನ್ನೇ ಬಯಸುವ
ದೊಡ್ಡವ್ವ ಗಿರಿಜವ್ವ