ಕೊನೆಯ ಪುಟದಿಂದ ಓದಿದವರು

ಮಾರ್ಚ್ ೧೪, ಗುರುವಾರ

ನಾನು ವಾರವಿಡೀ ಪೀಡಿಸಿದ ಮೇಲೆ ಇವರು ನನ್ನ ಮೆಚ್ಚಿನ ಹೈಸ್ಕೂಲ್ ಪ್ರೇಮದ ಮಾಂಗಾ ಓದಿ ಮುಗಿಸಿದರು. ಜಪಾನಿನ ಈ ಚಿತ್ರಕಥೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇವರು ಮಾಮೂಲಿ ಪುಸ್ತಕದಂತೆ ಬಿಡಿಸಿ ಕೊನೆಯ ಪುಟದಿಂದಲೇ ಶುರುಮಾಡಿದ್ದಾರೆ!

ನಾಯಕಿ ಅಳುಬುರುಕಿ. ನಾಯಕನ ಜೊತೆ ಒಂದೇ ಛತ್ರಿಯಡಿ ನಡೆಯಲು ಮೂರು ಅಧ್ಯಾಯ ನಾಚುವವಳ ಕಪಾಳಕ್ಕೆ ಬಿಗಿಯಬೇಕು. ಆದರೆ ಅವಳಿಗೆ ಜ್ವರ ಬಂದಾಗ ಆ ಪೆದ್ದು ಹುಡುಗ ರಾತ್ರಿಯಿಡೀ ಬಾಗಿಲ ಹೊರಗೆ ಕೂರುತ್ತಾನಲ್ಲ, ಆ ಪುಟಕ್ಕಾಗಿಯೇ ನಾನು ಪುಸ್ತಕ ಕೊಟ್ಟದ್ದು. ನಮ್ಮ ಮಗುವಿಗೆ ಜ್ವರ ಬಂದ ರಾತ್ರಿ ಇವರು ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗಿದ್ದರು.

"ಚೆನ್ನಾಗಿದೆ ಕಣೇ," ಅಂದರು. "ಮೊದಲು ಅಂಟ್ಕೊಂಡೇ ಇರ್ತಾರೆ, ಬರ್ತಾ ಬರ್ತಾ ಮಾತು ಕಮ್ಮಿ, ಕೊನೆಗೆ ಗುರುತೇ ಇಲ್ಲ. ಥೇಟ್ ಸಂಸಾರ."

"ಬಾಗಿಲ ಹತ್ರ ಕೂತಿದ್ನಲ್ಲ, ಆ ಹುಡುಗ?"

"ಹೊರಗೆ ದಬ್ಬಿಸ್ಕೊಂಡೋನು ತಾನೇ? ಬುದ್ಧಿ ಇದ್ದಿದ್ರೆ ಮನೆಗೆ ಹೋಗಿ ಮಲಗ್ತಿದ್ದ."

ನಾನು ತಿದ್ದಲಿಲ್ಲ. "ಇದು ಇನ್ನೂ ಚೆನ್ನಾಗಿದೆ" ಎಂದು ಎರಡನೆಯ ಸಂಪುಟವನ್ನೂ ಕೈಗಿಟ್ಟೆ. ನಾಳೆ ತಂಗಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗಬೇಕು.

ಮಗು ಈಗ ಕೆಮ್ಮಿತು. ಇವರು ಮಗ್ಗುಲು ಬದಲಿಸಿ ದಿಂಬನ್ನು ಕಿವಿಯ ಮೇಲೆ ಎಳೆದುಕೊಂಡರು. ಓದಲಿ, ಎಲ್ಲವನ್ನೂ ಹಿಂದಿನಿಂದಲೇ ಓದಲಿ. ಹಾಗೆ ಓದಿದರೆ ಆ ಕಥೆಯ ಕೊನೆಯಲ್ಲಿ ಅವಳು ಅವನತ್ತ ತಿರುಗಿಯೂ ನೋಡದೆ ನಡೆದುಬಿಡುತ್ತಾಳೆ.